ಕಡಿಮೆ ಇದೆ

ಫ್ರೀಜರ್ ಕಿರುಚಿದರೆ ನಾನೇ ಓಗೊಡಬೇಕು.
ಪ್ರೊಫೆಸರ್ ಡೇಗನ್‌ಹಾರ್ಟ್ ಲಿಸ್ಬನ್ನಿನಲ್ಲಿ,
ಕೆಟೆವಾನ್ ಹೆರಿಗೆ ರಜೆಯಲ್ಲಿ,
ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನದು:
ಹೆನ್ರಿಕೆ ಲೋಸೆ, ಪೋಸ್ಟ್‌ಡಾಕ್,
ನವೆಂಬರ್ ಮೂವತ್ತರವರೆಗೆ.

ಮಾಗ್ಡೆಬುರ್ಗಿನ ರಾತ್ರಿ ಎರಡೂವರೆ.
ಎಲ್ಬೆ ನದಿಯ ಸೇತುವೆ ದಾಟುವಷ್ಟರಲ್ಲಿ
ಸೈಕಲ್ಲಿನ ಬೆಲ್ಲೂ ಮರಗಟ್ಟಿತ್ತು.
ಮೈನಸ್ ಎಂಬತ್ತು ಇರಬೇಕಾದದ್ದು ಮೈನಸ್ ಅರವತ್ತೆರಡು.
ಬಾಗಿಲ ಅಂಚಿಗೆ ಕಟ್ಟಿದ್ದ ಹಿಮ ಕೆರೆದು ತೆಗೆದೆ,
ಒತ್ತಿ ಮುಚ್ಚಿದೆ. ಅಷ್ಟೇ ಕಾಯಿಲೆ.
ಇಷ್ಟು ಸುಲಭಕ್ಕೆ ವಾಸಿಯಾಗುವುದು
ಈ ಕಟ್ಟಡದಲ್ಲಿ ಫ್ರೀಜರ್ ಒಂದೇ.

ಒಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನಾಣ್ಯದಗಲದ ಚೂರು,
ನೂರ ಹದಿನೇಳು ಜನರ ಮಿದುಳು.
ಹೆಸರು ಮರೆತವರ ಹೆಸರನ್ನು
ನಾವೂ ಅಳಿಸಿ ನಂಬರು ಕೊಟ್ಟಿದ್ದೇವೆ; ಕಾನೂನು ಹಾಗಿದೆ.
ಆದರೂ ಎಪ್ಪತ್ತಮೂರು ಯಾರೆಂದು ನನಗೆ ಗೊತ್ತು.
ಗೊತ್ತಿರಬಾರದಿತ್ತು.

ಬೇಸಿಗೆಯಲ್ಲೊಂದು ಶನಿವಾರ
ಊರಿನವರಿಗೆಲ್ಲ ಲ್ಯಾಬಿನ ಬಾಗಿಲು ತೆರೆದಿದ್ದೆವು.
ರೋಸ್ವಿತಾ ಕ್ಯೂನಾಸ್ಟ್ ಪ್ಲಮ್ ಕೇಕಿನ ತಟ್ಟೆ ಹಿಡಿದು ಬಂದರು.
"ನಮ್ಮವರು ಇಲ್ಲಿದ್ದಾರೆ" ಎಂದರು,
ಆಸ್ಪತ್ರೆಯಲ್ಲಿ ವಾರ್ಡು ವಿಚಾರಿಸುವವರ ಹಾಗೆ.
"ಫೆಬ್ರವರಿ ಒಂಬತ್ತು, ಸೋಮವಾರ. ಉಪಯೋಗಕ್ಕೆ ಬರ್ತಿದ್ದಾರಾ?"
ಆ ಸೋಮವಾರ ನಮಗೆ ಬಂದದ್ದು ಒಂದೇ.
ಪ್ರತಿಯೊಂದು ದಾನವೂ ಅಮೂಲ್ಯ ಎಂದೆ,
ಕರಪತ್ರದಲ್ಲಿ ಇದ್ದಂತೆಯೇ.

ಆಕೆ ಕೇಕ್ ಕತ್ತರಿಸುತ್ತ ಹೇಳಿದರು:
"ತೂಕ ಅಳತೆ ಇಲಾಖೆ, ಮೂವತ್ತಾರು ವರ್ಷ.
ಸಂತೆಯ ತಕ್ಕಡಿ, ಮಾಂಸದಂಗಡಿಯ ತಕ್ಕಡಿ, ಔಷಧದಂಗಡಿಯದ್ದು,
ಎಳ್ಳಷ್ಟು ವ್ಯತ್ಯಾಸವಿದ್ದರೂ ಮುದ್ರೆ ಒತ್ತಿದವರಲ್ಲ.
ದೇಶವೇ ಹೋಯಿತು ಮಾರಾಯ್ತಿ, ಕಿಲೋ ಮಾತ್ರ ಕಿಲೋ ಆಗಿಯೇ ಉಳಿಯಿತು,
ಅಂತಿದ್ದರು.
ಕೊನೆಕೊನೆಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ.
ಆಶ್ರಮದಲ್ಲಿ ಊಟದ ತಟ್ಟೆ ಕೊಟ್ಟರೆ ಅಂಗೈ ಮೇಲಿಟ್ಟು
'ಕಡಿಮೆ ಇದೆ' ಅನ್ನೋರು.
ನಿಜಕ್ಕೂ ಕಡಿಮೆಯೇ ಇರುತ್ತಿತ್ತು."

ನಾನು ಹೇಳಲಿಲ್ಲ, ಹೇಳುವ ಹಾಗೂ ಇಲ್ಲ:
ಮಡಿಕೆ ತಪ್ಪಿದ ಪ್ರೋಟೀನು ಮುದ್ದೆಗಟ್ಟುತ್ತದೆ,
ಮುದ್ದೆ ಹೆಚ್ಚಿದಷ್ಟೂ ಮರೆವು ಹೆಚ್ಚು.
ಇದು ನನ್ನ ಮೂರು ವರ್ಷದ ಗೆರೆ.
ನೂರ ಹದಿನಾರು ಚುಕ್ಕೆಗಳು ಅದರ ಅಕ್ಕಪಕ್ಕ
ಶಾಲೆಯ ಸಾಲಿನ ಹಾಗೆ ನಿಂತಿವೆ.
ಎಪ್ಪತ್ತಮೂರು ಮಾತ್ರ ದೂರದಲ್ಲಿ, ಒಂಟಿ:
ಮರೆವು ಬೆಟ್ಟದಷ್ಟು, ಮುದ್ದೆ ಸಾಸಿವೆಯಷ್ಟು.

ನಾಲ್ಕು ಸಲ ಅಳೆದೆ. ಹೊಸ ಚೂರು ತೆಗೆದು ಅಳೆದೆ.
ಸಾಸಿವೆಯೇ.

"ಅದನ್ನು ಬಿಟ್ಟುಬಿಡು, ಗೆರೆ ನೆಟ್ಟಗಾಗುತ್ತದೆ,"
ನಿನ್ನೆ ಲಿಸ್ಬನ್ನಿನಿಂದ ಪ್ರೊಫೆಸರರ ಸಂದೇಶ.
"ಮಾದರಿ ಕೆಟ್ಟಿರಬಹುದು ಅಂತ ಒಂದು ಸಾಲು ಬರೆ.
ಪ್ರಬಂಧ ಹೋದರೆ ನಿನಗೆ ಇನ್ನೆರಡು ವರ್ಷ ಕೇಳಬಹುದು."
ಕೆಟ್ಟ ಮನುಷ್ಯನಲ್ಲ. ಕಳೆದ ವರ್ಷ ನನ್ನ ಹಲ್ಲಿನ ಖರ್ಚಿಗೆ
ತನ್ನ ಜೇಬಿನಿಂದ ಸಾಲ ಕೊಟ್ಟವನು.

ಮೂರೂಕಾಲು. ಫ್ರೀಜರ್ ಮೈನಸ್ ಎಪ್ಪತ್ತೊಂದಕ್ಕೆ ಇಳಿದಿದೆ,
ಎಂಬತ್ತಾಗುವವರೆಗೆ ಕಾಯಬೇಕು.
ಸುಮ್ಮನೆ ಕೂರಲಾಗದೆ ಕೆಳಗಿನ ಕೋಣೆಗೆ ಹೋದೆ,
ಮಿದುಳು ತೂಗುವ ತಕ್ಕಡಿಯನ್ನು ತಿರುಗಿಸಿ
ಹಿಂಬದಿಯ ಮುದ್ರೆ ಹುಡುಕಿದೆ.
ಅವರದಿರಬಹುದೆಂದು, ಅವರ ಸಹಿ ಇರಬಹುದೆಂದು
ಕಳ್ಳ ಆಸೆ.
ಇಲ್ಲ. ಯಾವುದೋ ಕಂಪನಿಯ ಹಳದಿ ಚೀಟಿ,
ಅವಧಿ ಹೋದ ಮಾರ್ಚಿಗೇ ಮುಗಿದಿದೆ.
ಯಾರೂ ನೋಡಿಲ್ಲ.

ದಾಖಲೆ ತೆಗೆದೆ. ಎಪ್ಪತ್ತಮೂರು:
ಸಾವಿರದ ನಲವತ್ತೆರಡು ಗ್ರಾಂ.
ಇರಬೇಕಾದದ್ದಕ್ಕಿಂತ ಮುನ್ನೂರು ಕಡಿಮೆ.
ಅವರೇ ಹೇಳುತ್ತಿದ್ದರಲ್ಲ.

ಮತ್ತೆ ಮೇಲೆ ಬಂದು ಕಂಪ್ಯೂಟರ್ ತೆರೆದೆ.
ಆ ಚುಕ್ಕೆಯ ಮೇಲೆ ಬೆರಳಿಟ್ಟರೆ ಗೆರೆ ಎಷ್ಟು ಚೆಂದ,
ಬೆರಳೆತ್ತಿದರೆ ಮತ್ತೆ ಅಲ್ಲೇ ಇದೆ.
ತಕ್ಕಡಿಗೆ ಬೆರಳು ತಾಗಿಸುವ ಅಂಗಡಿಯವರನ್ನು
ಅವರು ಹೇಗೆ ಹಿಡಿಯುತ್ತಿದ್ದರೋ,
ಕೇಳಬೇಕಿತ್ತು ಆಕೆಯನ್ನು.

ಆಕೆಯ ತಟ್ಟೆ ಇನ್ನೂ ನನ್ನ ಮೇಜಿನ ಮೇಲಿದೆ,
ಅಂಚಿಗೆ ನೀಲಿ ಗೆರೆಯದ್ದು, ಮರಳಿಸಬೇಕು ಅನ್ನುತ್ತಲೇ
ಅಕ್ಟೋಬರ್ ಆಯಿತು.
ಕೈಗವಸು ತೆಗೆದು ಅಂಗೈ ಮೇಲಿಟ್ಟುಕೊಂಡೆ.
ಖಾಲಿ ಪಿಂಗಾಣಿ, ತಣ್ಣಗೆ.
ಎಷ್ಟಿರಬಹುದು ಎಂದು ಕಣ್ಣು ಮುಚ್ಚಿದೆ.
ಫ್ರೀಜರ್ ಗುನುಗುತ್ತಿತ್ತು, ಮೈನಸ್ ಎಪ್ಪತ್ತನಾಲ್ಕು.